ಗಲ್ಲಿಗೇರಿದ ಹೆಂಗಸರೂ ನನ್ನ ಹೆಂಡತಿಯ ಆರು ಬುತ್ತಿಗಳೂ

ಎಂಬತ್ತರ ದಶಕದ ನಡುವೆ ಎಣ್ಣೆಯ ಬೆಲೆ ನೆಲಕ್ಕೆ ಬಿದ್ದಾಗ ಮಸ್ಕತ್ತಿನಲ್ಲಿದ್ದವರು ಮನೆಯ ಸಾಮಾನು ಮಾರಿ ಊರಿಗೆ ಹೊರಟರು. ನಾನು ಆ ವರ್ಷ ಒಂದು ಪೆಟ್ಟಿಗೆಯಲ್ಲಿ ಕೊಲೆಗಾರ್ತಿಯರನ್ನು ಮನೆಗೆ ತಂದೆ.

ನನಗೆ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಮನೆ ಹಮ್ರಿಯಾ ಬಡಾವಣೆಯ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಕಟ್ಟಬೇಕಾದ ಸೇತುವೆಗಳೆಲ್ಲ ಕಾಗದದಲ್ಲೇ ನಿಂತುಹೋಗಿ, ನಮ್ಮ ಇಂಗ್ಲಿಷ್ ಚೀಫ್ ಇಂಜಿನಿಯರನಿಗೂ ಖಲಾಸ್, ಅಂದರೆ ಕೆಲಸ ಹೋಯಿತು. ಅವನ ಫ್ರಿಜ್ಜನ್ನು ನಾನು ಬೆನ್ನು ಕೊಟ್ಟು ಲಾರಿಗೆ ಏರಿಸಿದ್ದಕ್ಕೆ ಒಂದು ಪೆಟ್ಟಿಗೆ ಪುಸ್ತಕ ಸಿಕ್ಕಿತು. ಬಹುಪಾಲು ಮೀನು ಹಿಡಿಯುವುದರ ಬಗ್ಗೆ. ಅಡಿಯಲ್ಲಿದ್ದ ದಪ್ಪ ಪುಸ್ತಕ ಮಾತ್ರ ಬ್ರಿಟನ್ನಿನಲ್ಲಿ ಕೊಲೆಯ ಆರೋಪದ ಮೇಲೆ ಪ್ರಾಣ ತೆತ್ತ ಹೆಂಗಸರ ಚರಿತ್ರೆ. ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ವಾರದಲ್ಲಿ ಮುಗಿಸಿದೆ. ಆಫೀಸಿನಲ್ಲಿ ಕೆಲಸವಿರಲಿಲ್ಲ, ಸಂಬಳವೂ ಮುಕ್ಕಾಲಾಗಿತ್ತು. ಓದಲು ಅದಕ್ಕಿಂತ ಒಳ್ಳೆಯ ಕಾಲ ನನಗೆ ಮತ್ತೆ ಬರಲಿಲ್ಲ.

ಅದೇ ತಿಂಗಳು ಕಂಪನಿಯಿಂದ ಒಂದು ಫಾರ್ಮ್ ಬಂತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುವವರಿಗೆ ಒಂದು ಕಡೆಯ ಟಿಕೇಟು ಪುಕ್ಕಟೆ. ಇಟ್ಟುಕೊಳ್ಳುವವರು ಮನೆ ಬಾಡಿಗೆ ತಾವೇ ನೋಡಿಕೊಳ್ಳಬೇಕು. ಜೂನ್ ಕೊನೆಯೊಳಗೆ ಭರ್ತಿ ಮಾಡಿ ಕೊಡಿ ಎಂದು. ನನ್ನ ಹೆಂಡತಿ ಉಡುಪಿ ಕಡೆಯವಳು. ಫಾರ್ಮನ್ನು ಓದಿ, ಮಡಚಿ, ಬೇಳೆ ಡಬ್ಬದ ಕೆಳಗೆ ಇಟ್ಟಳು. ಮರುದಿನದಿಂದ ಬುತ್ತಿ ಮಾಡಲು ಶುರು ಮಾಡಿದಳು.

ನಮ್ಮ ಬಿಲ್ಡಿಂಗಿನಲ್ಲೂ ಅಕ್ಕಪಕ್ಕದಲ್ಲೂ ಆಗಲೇ ಸಂಸಾರವನ್ನು ಊರಿಗೆ ಕಳಿಸಿ ಒಂಟಿಯಾಗಿದ್ದ ಆರು ಗಂಡಸರಿದ್ದರು. ಅವರು ಮಧ್ಯಾಹ್ನ ಒಂದು ಗಂಟೆಗೆ ಆಫೀಸಿನಿಂದ ಬಂದು, ನಮ್ಮ ಬಾಗಿಲ ಪಕ್ಕದ ಬೆಂಚಿನಿಂದ ತಂತಮ್ಮ ಬುತ್ತಿ ಎತ್ತಿಕೊಂಡು ಹೋಗಿ, ಉಂಡು, ನಿದ್ದೆ ಮಾಡಿ, ನಾಲ್ಕಕ್ಕೆ ಮತ್ತೆ ಆಫೀಸಿಗೆ ಹೋಗುತ್ತಿದ್ದರು. ಶುಕ್ರವಾರ ಮಾತ್ರ ನಮ್ಮ ಮನೆಯಲ್ಲೇ ಚಾಪೆ ಹಾಕಿ ಊಟ.

"ಈ ಆರು ಬುತ್ತಿ ಇದ್ರೆ ಬಾಡಿಗೆ ಸಾಗ್ತದೆ, ನಾನು ಇಲ್ಲೇ ಇರ್ತೇನೆ" ಎಂದಳು. "ಬುತ್ತಿ ನಿಂತ್ರೆ ಫಾರ್ಮಿಗೆ ಸೈನ್ ಹಾಕಿ. ನಾನು ನಿಮ್ಮ ಅಮ್ಮನ ಹತ್ರ, ನೀವು ಕುಬ್ಬೂಸಿನ ಹತ್ರ."

ನನಗೆ ಕುಬ್ಬೂಸೆಂಬ ಅರಬ್ಬಿ ರೊಟ್ಟಿಯ ಭಯಕ್ಕಿಂತ ಅವಳಿಲ್ಲದ ಮನೆಯ ಭಯ ದೊಡ್ಡದಿತ್ತು. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ದರೂ ಸುಳ್ಳೆಂದುಕೊಳ್ಳುತ್ತಿದ್ದಳು.

ಏಕೆಂದರೆ ಆ ಕಾಲಕ್ಕೆ ರುವಿಯಿಂದ ಮತ್ರಾದವರೆಗೆ ನನ್ನಷ್ಟು ಸೊಗಸಾಗಿ ಸುಳ್ಳು ಹೇಳುವ ಕನ್ನಡಿಗ ಇನ್ನೊಬ್ಬನಿರಲಿಲ್ಲ. ಇದು ಜಂಬವಲ್ಲ, ಊರೆಲ್ಲ ಒಪ್ಪಿದ ಮಾತು. ನಾನು ನಿಜ ಹೇಳಿದರೂ ಜನ ನಂಬುತ್ತಿರಲಿಲ್ಲ. ಆ ಆರು ಜನರಲ್ಲೊಬ್ಬನಾದ ಸ್ಟೋರ್‌ಕೀಪರ್ ಹೊಸದಾಗಿ ಬಂದಾಗ ಅವನಿಗೆ, "ಜೂನಿನಲ್ಲಿ ತಣ್ಣೀರು ಬೇಕಾದ್ರೆ ಗೀಸರಿನ ನಲ್ಲಿ ತಿರುಗಿಸಿ, ತಣ್ಣೀರಿನ ನಲ್ಲಿಯಲ್ಲಿ ಬರುವುದು ಕುದಿಯುವ ನೀರು" ಎಂದು ಹೇಳಿದೆ. ಗಲ್ಫಿನ ಬೇಸಿಗೆಯಲ್ಲಿ ಅದು ಅಪ್ಪಟ ಸತ್ಯ. ತಾರಸಿಯ ಟ್ಯಾಂಕು ಬಿಸಿಲಲ್ಲಿ ಕುದಿಯುತ್ತದೆ, ಆರಿಸಿಟ್ಟ ಗೀಸರಿನ ನೀರು ಮನೆಯೊಳಗೆ ತಣ್ಣಗಿರುತ್ತದೆ. ಆ ಮನುಷ್ಯ ನಕ್ಕು, ತಣ್ಣೀರಿನ ನಲ್ಲಿಯ ಕೆಳಗೆ ಬೆನ್ನು ಕೊಟ್ಟ. ಒಂದು ವಾರ ಅಂಗಿ ಹಾಕಲಾಗಲಿಲ್ಲ. ಅದನ್ನೂ ನನ್ನ ಲೆಕ್ಕಕ್ಕೇ ಬರೆದರು.

ಶುಕ್ರವಾರದ ಊಟದ ನಂತರ ನಾನು ವಾರಕ್ಕೊಬ್ಬ ಹೆಂಗಸಿನ ಕಥೆ ಹೇಳಲು ಹಿಡಿದೆ. ಆರೂ ಜನ ಗೋಡೆಗೊರಗಿ ಕೂತು ಕೇಳುತ್ತಿದ್ದರು. ಹೆಂಡತಿ ಒಳಗೆ ಪಾತ್ರೆ ಎತ್ತಿಡುತ್ತ ಕೇಳುತ್ತಿದ್ದಳು.

ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ಗಂಡ ಹೆಂಡತಿಯನ್ನು ಕೊಂದರೆ ಅವನಿಗೆ ಗಲ್ಲು, ಹೆಂಡತಿ ಗಂಡನನ್ನು ಕೊಂದರೆ ಅವಳನ್ನು ಸುಡುತ್ತಿದ್ದರು ಎಂದೆ. ಗಂಡನೆಂದರೆ ಮನೆಗೆ ರಾಜನಿದ್ದ ಹಾಗೆ, ರಾಜನನ್ನು ಕೊಂದರೆ ದ್ರೋಹ. ಇನ್ನೂರು ವರ್ಷದ ಹಿಂದಿನ ತನಕ ಹಾಗೇ ನಡೆಯಿತು. ಹೊಟ್ಟೆಯಲ್ಲಿ ಮಗುವಿದ್ದರೆ ಹೆರಿಗೆಯ ತನಕ ಶಿಕ್ಷೆ ಮುಂದಕ್ಕೆ. ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಲು ಕೋರ್ಟೇ ನಾಲ್ಕಾರು ಹೆಂಗಸರನ್ನು ಕೂರಿಸುತ್ತಿತ್ತು. ಒಬ್ಬಳು ಕಪ್ಪು ಸ್ಯಾಟಿನ್ ಗೌನು ಹಾಕಿಕೊಂಡು ಗಲ್ಲಿಗೆ ನಡೆದಳಂತೆ, ಆಮೇಲೆ ಲಂಡನ್ನಿನ ಅಂಗಡಿಗಳಲ್ಲಿ ಆ ಬಟ್ಟೆಯನ್ನು ಕೇಳುವವರೇ ಇರಲಿಲ್ಲವಂತೆ. ಹಣ ತೆಗೆದುಕೊಂಡು ಪರರ ಹಸುಗೂಸುಗಳನ್ನು ಸಾಕುತ್ತೇನೆಂದು ಒಯ್ದು ಮುಗಿಸುತ್ತಿದ್ದವಳ ಕಥೆಯನ್ನು ಶುರು ಮಾಡಿದ್ದೆ. ಹೆಂಡತಿ ಅಡುಗೆಮನೆಯಿಂದ, "ಅದು ಬೇಡ" ಎಂದಳು. ಆ ದನಿ ಕೇಳಿ ನಾನು ಪುಟ ಹಾರಿಸಿದೆ. ಕೊನೆಯವಳು ಪ್ರಿಯಕರನಿಗೆ ಬೀದಿಯಲ್ಲಿ ಗುಂಡು ಹೊಡೆದವಳು. ಕೋರ್ಟಿನಲ್ಲಿ, ಕೊಲ್ಲುವ ಉದ್ದೇಶದಿಂದಲೇ ಹೊಡೆದೆ ಎಂದು ನೇರವಾಗಿ ಒಪ್ಪಿಕೊಂಡಳು. ಅವಳನ್ನು ಗಲ್ಲಿಗೇರಿಸಿದ್ದು ಅಲ್ಲಿನ ಜನಕ್ಕೇ ಸರಿಬರಲಿಲ್ಲ. ಆಮೇಲೆ ಇನ್ನೊಬ್ಬ ಹೆಂಗಸಿನ ಕೊರಳಿಗೆ ಹಗ್ಗ ಬೀಳಲಿಲ್ಲ.

"ಗಂಡಸರ ಪುಸ್ತಕ ಇಲ್ವಾ ಆ ಪೆಟ್ಟಿಗೆಯಲ್ಲಿ?" ಎಂದು ಹೆಂಡತಿ ಕೇಳಿದಳು.

"ಗಂಡಸರದ್ದು ಒಂದು ಪುಸ್ತಕದಲ್ಲಿ ಹಿಡೀಲಿಕ್ಕಿಲ್ಲ ಮಾರಾಯ್ತಿ. ಹೆಂಗಸರು ಸ್ವಲ್ಪ ಜನ, ಅದಕ್ಕೇ ಒಂದೇ ಪುಸ್ತಕ ಸಾಕಾಯ್ತು."

"ಸ್ವಲ್ಪ ಜನ ಅಂದ್ರೂ ನಿಮಗೆ ನಾಲ್ಕು ಶುಕ್ರವಾರ ಬಂತಲ್ಲ."

ಕೇಳುವವರಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವರು ಮೈಸೂರಿನ ಒಬ್ಬ ಅಕೌಂಟೆಂಟು. ಎರಡನೇ ಮಹಡಿಯವರು. ಸಣ್ಣ ದೇಹ, ದೊಡ್ಡ ಕನ್ನಡಕ. ರಸ್ತೆ ದಾಟುವಾಗ ಬರದ ಕಾರಿಗೂ ಕಾಯುವ ಜಾತಿ. ವಿಷದ ಕಥೆ ಬಂದಾಗ ಅವರು ಕಣ್ಣು ಮಿಟುಕಿಸುತ್ತಿರಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಪಾಷಾಣ ಅಂಗಡಿಯಲ್ಲಿ ಉಪ್ಪಿನ ಹಾಗೆ ಸಿಗುತ್ತಿತ್ತು. ಹಿಟ್ಟಿಗೆ, ಸಕ್ಕರೆಗೆ ಬೆರೆತರೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅದಕ್ಕೆ ಮಸಿಯೋ ನೀಲಿಯೋ ಬೆರೆಸಿ ಮಾರಬೇಕು, ಕೊಂಡವರು ಸಹಿ ಹಾಕಬೇಕು ಎಂದು ಕಾನೂನು ತಂದರು. ಆಗ ಕೆಲವರು ನೊಣ ಕೊಲ್ಲುವ ಕಾಗದಕ್ಕೆ ಕೈ ಹಾಕಿದರು. ಆ ಕಾಗದಕ್ಕೂ ಪಾಷಾಣ ಸವರಿರುತ್ತಿತ್ತು. ಚಹಾದ ಸಾಸರಿನಂಥ ಬಸಿಯಲ್ಲಿ ನೆನೆಹಾಕಿ ಆ ನೀರನ್ನು ಸೂಪಿಗೋ ಚಹಾಕ್ಕೋ ಸುರಿದರೆ ಮುಗಿಯಿತು.

"ನೀರಿನ ಬಣ್ಣ ಯಾವುದು ಸಾರ್?" ಎಂದರು ಅಕೌಂಟೆಂಟು.

"ಕಂದು" ಎಂದೆ. ಹೇಳಿದ ಕ್ಷಣವೇ ನನ್ನ ತಲೆಯಲ್ಲಿ ಒಂದು ಉಪಾಯ ಎದ್ದು ಕೂತಿತು.

ಮುಂದಿನ ಶುಕ್ರವಾರ ಬೆಳಗ್ಗೆ, ಕೆಳಗೆ ಕಿರಾಣಿ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕನಿಂದ ಒಂದು ಹಾಳೆ ಕಂದು ಕಾಗದ ತಂದೆ. ಡ್ರಾಯಿಂಗ್ ಪೆನ್ನಿನಲ್ಲಿ ಅದರ ಮೇಲೆ ಒಂದು ನೊಣ ಬರೆದೆ. ನಾನು ಬರೆದ ನೊಣವೆಂದರೆ ಸುಮ್ಮನೆ ಅಲ್ಲ. ಕಾಲು ಆರು, ರೆಕ್ಕೆಯ ನರಗಳೂ ಲೆಕ್ಕಕ್ಕೆ ಸಿಗಬೇಕು. ಅದನ್ನು ಒಂದು ಬಸಿಯಲ್ಲಿ ಚಹಾದ ಡಿಕಾಕ್ಷನ್ ಸುರಿದು ನೆನೆಹಾಕಿ, ಅಡುಗೆಮನೆಯ ವಾಷ್ ಬೇಸಿನ್ನಿನ ಪಕ್ಕದ ಕಿಟಕಿಯಲ್ಲಿ ಇಟ್ಟೆ. ಹೆಂಡತಿ ಕಡುಬಿನ ಗಡಿಬಿಡಿಯಲ್ಲಿದ್ದಳು, ನೋಡಲಿಲ್ಲ.

ಊಟ ಮುಗಿಸಿ ಕೈ ತೊಳೆಯಲು ಹೋದ ಅಕೌಂಟೆಂಟು ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಅವರ ಮುಖ ತೊಳೆದಿಟ್ಟ ತಟ್ಟೆಯಂತೆ ಖಾಲಿಯಾಗಿತ್ತು. ನಾನು ಇನ್ನೇನು ಎಲ್ಲರೆದುರು ನಗಬೇಕು, ಅಷ್ಟರಲ್ಲಿ ಗೆಳೆಯನೊಬ್ಬನ ಫೋನು ಬಂತು, ಅರ್ಧ ಗಂಟೆ ಮಾತಾಡಿ ಬರುವಷ್ಟರಲ್ಲಿ ಎಲ್ಲರೂ ಹೋಗಿದ್ದರು. ಇರಲಿ, ನಾಳೆ ಹೇಳಿದರೆ ಇನ್ನೂ ರುಚಿ ಎಂದುಕೊಂಡು ಬಸಿ ತೊಳೆದಿಟ್ಟೆ.

ಶನಿವಾರ ಅಕೌಂಟೆಂಟು ಬುತ್ತಿಯ ಮೊಸರನ್ನವನ್ನು ಬಿಲ್ಡಿಂಗಿನ ಬೆಕ್ಕಿಗೆ ಹಾಕಿದರಂತೆ. ಬೆಕ್ಕು ತಿಂದು, ನಿಂತಿದ್ದ ಒಂದು ಕಾರಿನ ಅಡಿಗೆ ಹೋಗಿ, ನಾಲ್ಕು ಕಾಲೂ ಚಾಚಿ ಮಲಗಿತು. ಸಂಜೆಯವರೆಗೆ ಏಳಲಿಲ್ಲ. ಜೂನ್ ತಿಂಗಳ ಮಧ್ಯಾಹ್ನ ಮಸ್ಕತ್ತಿನ ಯಾವ ಬೆಕ್ಕು ಎದ್ದು ಓಡಾಡುತ್ತದೆ? ಆದರೆ ಕನ್ನಡಕ ಸರಿಮಾಡಿಕೊಂಡು ಅದನ್ನು ಅವರು ಉಳಿದ ಐವರಿಗೂ ಹೇಳಿದರು, ಬಸಿಯ ನೊಣವನ್ನೂ ಸೇರಿಸಿ.

ಭಾನುವಾರ ಒಂದೂಕಾಲಾದರೂ ಬೆಂಚಿನ ಮೇಲೆ ಆರೂ ಬುತ್ತಿಗಳು ಹಾಗೇ ಇದ್ದವು. ಸೋಮವಾರವೂ.

"ನೀವು ಎಂತ ಮಾಡಿದ್ದು?" ಎಂದಳು ಹೆಂಡತಿ. ಅನ್ನದಲ್ಲೇನಾದರೂ ಹೆಚ್ಚುಕಡಿಮೆಯಾಯಿತೋ ಎಂದು ಅವಳು ಕೇಳಲೇ ಇಲ್ಲ. ಇಪ್ಪತ್ತು ವರ್ಷದ ಸಂಸಾರ.

ಹೇಳಿದೆ. ಅವಳು ಬೇಳೆ ಡಬ್ಬದ ಕಡೆ ಒಮ್ಮೆ ನೋಡಿದಳು. "ತಿಂಗಳು ಮುಗೀಲಿಕ್ಕೆ ಇನ್ನು ಹನ್ನೆರಡು ದಿನ ಉಂಟು. ಹೋಗಿ ಸರಿ ಮಾಡಿ ಬನ್ನಿ."

ನಾನು ಆರೂ ಬಾಗಿಲು ತಟ್ಟಿದೆ. ಅದು ಚಹಾ, ಆ ನೊಣ ನಾನೇ ಬರೆದದ್ದು, ಬೇಕಾದರೆ ಇಲ್ಲೇ ಇನ್ನೊಂದು ಬರೆದು ತೋರಿಸುತ್ತೇನೆ ಎಂದೆ. ಬೆನ್ನು ಸುಟ್ಟುಕೊಂಡಿದ್ದ ಸ್ಟೋರ್‌ಕೀಪರ್ ನನ್ನನ್ನು ಕೂರಿಸಿ ನೀರು ಕೊಟ್ಟ.

"ಅಣ್ಣಾ, ನೀವು ಅತ್ತಿಗೆಯನ್ನು ಬಿಟ್ಟುಕೊಡುವುದಿಲ್ಲ, ಒಳ್ಳೆಯದೇ. ಆದ್ರೆ ನಿಮ್ಮ ಹೊಟ್ಟೆ ಹೇಗುಂಟು?"

"ನನ್ನ ಹೊಟ್ಟೆಗೆಂತ ಆಗಿದೆ?"

"ಸಪೂರ ಆಗಿದ್ದೀರಿ ಸ್ವಲ್ಪ. ಹೋದ ರಜೆಯಲ್ಲಿ ಇನ್ಶೂರೆನ್ಸ್ ಮಾಡ್ಸಿದ್ದೀರಲ್ಲ, ಅತ್ತಿಗೆ ಹೆಸರಿಗಾ?"

ಆಗ ಅರ್ಥವಾಯಿತು. ಆ ಪುಸ್ತಕದಲ್ಲಿ ವಿಷ ಉಂಡು ಸತ್ತವರಲ್ಲಿ ಹೆಚ್ಚಿನವರು ಗಂಡಂದಿರು. ಅದನ್ನು ನಾನೇ ನಾಲ್ಕು ಶುಕ್ರವಾರ ಬಣ್ಣ ಕಟ್ಟಿ ಹೇಳಿದ್ದೆ. ಅವರ ಲೆಕ್ಕದಲ್ಲಿ ಬಸಿ ಇದ್ದದ್ದು ನನಗಾಗಿ; ಅವರು ಸುಮ್ಮನೆ ದಾರಿಯಲ್ಲಿ ಸಿಕ್ಕವರು. ನಾನು ನಕ್ಕಷ್ಟೂ ಆತ ಕರುಣೆಯಿಂದ ನನ್ನ ಮೊಣಕೈ ತಟ್ಟಿದ.

ಬ್ಯಾರಿ ಕಾಕನನ್ನು ಸಾಕ್ಷಿಗೆ ಕರೆದೆ. "ಪೇಪರ್ ನಾನೇ ಕೊಟ್ಟದ್ದು, ಅದರಲ್ಲಿ ಎಂಥ ಸಾವು ಮಾರಾಯ್ರೆ, ಅದು ಅವಲಕ್ಕಿ ಕಟ್ಟುವ ಪೇಪರ್" ಎಂದು ಕಾಕ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅದರಿಂದ ಆದದ್ದು ಇಷ್ಟೇ: ಅಲ್ಲಿಯವರೆಗೆ ಸುದ್ದಿ ಗೊತ್ತಿಲ್ಲದವರಿಗೂ ಗೊತ್ತಾಯಿತು.

ಹೆಂಡತಿ ಒಂದು ನಿರ್ಧಾರಕ್ಕೆ ಬಂದಳು. "ಶುಕ್ರವಾರ ಅವ್ರನ್ನು ಕರೀರಿ. ಆರು ಬುತ್ತಿಯಿಂದಲೂ ಒಂದೊಂದು ತುತ್ತು ನಾನೇ ಎದುರಿಗೆ ತಿಂದು ತೋರಿಸ್ತೇನೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅದ್ರಿಂದ ಆಗ್ಲಿಕ್ಕಿಲ್ಲ" ಎಂದು ಹೇಳಿ, ಅಲ್ಲಿಯವರೆಗೆ ಹೇಳದೆ ಇಟ್ಟಿದ್ದ ಕಥೆಯನ್ನು ಹೇಳಿದೆ. ಲಂಡನ್ನಿನಲ್ಲಿ ಒಬ್ಬಳು ಅಡುಗೆಯ ಹುಡುಗಿ. ಇಪ್ಪತ್ತರ ಆಸುಪಾಸು. ಯಜಮಾನರ ಮನೆಗೆ ಕಡುಬಿನಂಥದ್ದೊಂದು ಬೇಯಿಸಿಕೊಟ್ಟಳು. ಹಿಟ್ಟು ಉಬ್ಬಲಿಲ್ಲ, ಕಪ್ಪಗೆ ಗಟ್ಟಿಯಾಗಿತ್ತು. ತಿಂದವರೆಲ್ಲ ವಾಂತಿ ಮಾಡಿಕೊಂಡರು. ಅವಳೂ ತಿಂದಿದ್ದಳು, ಅವಳೂ ನರಳಿದಳು. ಯಾರೂ ಸಾಯಲಿಲ್ಲ. ಆದರೂ ವಿಷ ಹಾಕಿದಳೆಂದು ಅವಳನ್ನು ಗಲ್ಲಿಗೇರಿಸಿದರು. ಕೊನೆಯವರೆಗೂ ನಾನು ಮಾಡಿಲ್ಲ ಎಂದೇ ಹೇಳುತ್ತಿದ್ದಳು.

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಅವಳೂ ತಿಂದಿದ್ದಾಳಲ್ಲ."

"ತಿಂದಿದ್ದಾಳೆ. ಅದನ್ನು ಲೆಕ್ಕಕ್ಕೆ ತಗೊಳ್ಲಿಲ್ಲ."

"ಹಿಟ್ಟು ಉಬ್ಬದಿದ್ದದ್ದಕ್ಕಾ?"

"ಅದೂ ಒಂದು ಸಾಕ್ಷಿ."

"ಅವಳ ಪರವಾಗಿ ಹೇಳುವವರು ಯಾರೂ ಬರ್ಲಿಲ್ವಾ?"

"ಸತ್ತ ಮೇಲೆ ಸಾವಿರಾರು ಜನ ಹೆಣದ ಹಿಂದೆ ನಡೆದ್ರಂತೆ."

"ಸತ್ತ ಮೇಲೆ" ಎಂದಳು. ಆಮೇಲೆ ಬಹಳ ಹೊತ್ತು ತೆಂಗಿನಕಾಯಿ ತುರಿದಳು. ಮೂರು ಕಾಯಿ. ಮರುದಿನದ ಬುತ್ತಿಗೆ ಯಾರೂ ಇರಲಿಲ್ಲ. ಅಷ್ಟು ತುರಿ ಯಾಕೆಂದು ಕೇಳುವ ಧೈರ್ಯ ನನಗೂ ಇರಲಿಲ್ಲ.

ತುರಿದಾದ ಮೇಲೆ ಎದ್ದು ನನ್ನ ಕಪ್ಪು ಕರವಸ್ತ್ರವನ್ನು ತಲೆಯ ಮೇಲೆ ಹಾಕಿಕೊಂಡಳು. ಮರಣದಂಡನೆ ಓದುವ ಮುಂಚೆ ಅಲ್ಲಿನ ಜಡ್ಜು ತಲೆಗೆ ಕಪ್ಪು ಬಟ್ಟೆ ಇಟ್ಟುಕೊಳ್ಳುತ್ತಿದ್ದ ಎಂದು ಅವಳಿಗೆ ಹೇಳಿಕೊಟ್ಟವನೂ ನಾನೇ.

"ನಾನು ತಿಂದ್ರೆ ಯಾರೂ ನಂಬುವುದಿಲ್ಲ. ನೀವು ತಿನ್ನಬೇಕು. ನಾಳೆಯಿಂದ ಒಂದು ಗಂಟೆಗೆ ಆರೂ ಮನೆಗೆ ನೀವೇ ಬುತ್ತಿ ತಗೊಂಡು ಹೋಗಿ. ಬಾಗಿಲಲ್ಲಿ ನಿಂತು, ಅನ್ನ, ಸಾರು, ಪಲ್ಯ, ಮೊಸರು, ಎಲ್ಲದರಿಂದ ಒಂದೊಂದು ತುತ್ತು ತಿನ್ನಿ. ಅರ್ಧ ಗಂಟೆ ಅಲ್ಲೇ ಕೂತ್ಕೊಳ್ಳಿ. ನೀವು ಸುಳ್ಳ ಅಂತ ಊರಿಗೆಲ್ಲ ಗೊತ್ತುಂಟು. ಆದ್ರೆ ಸಾಯುವ ಧೈರ್ಯ ನಿಮಗಿಲ್ಲ ಅಂತಲೂ ಗೊತ್ತುಂಟು."

ನನ್ನ ಜೀವಮಾನದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿಲ್ಲ.

ಜೂನಿನ ಒಂದು ಗಂಟೆಯ ಬಿಸಿಲಲ್ಲಿ ಹಮ್ರಿಯಾದ ಮೆಟ್ಟಿಲುಗಳನ್ನು ಹತ್ತಿ ಇಳಿದೆ. ಎರಡು ಕೈಯಲ್ಲಿ ಮೂರು ಮೂರು ಬುತ್ತಿ. ಆರು ಬಾಗಿಲು, ಇಪ್ಪತ್ತನಾಲ್ಕು ತುತ್ತು. ಮೊದಲ ದಿನ ಸ್ಟೋರ್‌ಕೀಪರ್ ಗಡಿಯಾರ ಹಿಡಿದು ನನ್ನ ನಾಲಿಗೆಯ ಬಣ್ಣ ನೋಡಿದ. ಕೊನೆಯ ಮನೆಗೆ ಮುಟ್ಟುವಾಗ ಮೂರೂವರೆ, ಅವರ ಊಟ ಆರಿಹೋಗಿತ್ತು. ಮೂರನೇ ದಿನ ಸ್ಟೋರ್‌ಕೀಪರ್, "ಅರ್ಧ ಗಂಟೆ ಎಲ್ಲ ಬೇಡ, ಹಸಿವಾಗ್ತದೆ, ಕೊಡಿ" ಎಂದ. ಕುಬ್ಬೂಸು ಮತ್ತು ಡಬ್ಬಿಯ ಬೀನ್ಸಿನಲ್ಲಿ ವಾರ ಕಳೆದವನಿಗೆ ಪಾಷಾಣವೂ ಹುಳಿಯಾಗಿದ್ದರೆ ಸಾಕು ಅನ್ನಿಸಿರಬೇಕು. ಒಂದು ವಾರದೊಳಗೆ ಐವರೂ ಬೆಂಚಿಗೆ ಮರಳಿದರು. ನಾನು ಎರಡು ಕಿಲೋ ತುಂಬಿಕೊಂಡೆ.

ಅಕೌಂಟೆಂಟು ಒಬ್ಬರೇ ಬಗ್ಗಲಿಲ್ಲ. ಪ್ರತಿದಿನ ಒಂದು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ, ಟೈ ಕಟ್ಟಿಕೊಂಡು ಬಾಗಿಲು ತೆರೆಯುತ್ತಿದ್ದರು. ನಾನು ತಿನ್ನುವುದನ್ನು ನೋಡಿ, "ನಿಧಾನ ವಿಷ ಅಂತ ಇರತ್ತಲ್ಲ ಸಾರ್" ಎಂದು ನಯವಾಗಿ ಬಾಗಿಲು ಹಾಕುತ್ತಿದ್ದರು. ಸಿಟ್ಟು ಬರುತ್ತಿದ್ದರೂ ಒಳಗೊಳಗೇ ಹೆಮ್ಮೆ. ಒಂದು ಹಾಳೆ ಕಾಗದದಲ್ಲಿ ಒಬ್ಬ ಪದವೀಧರನನ್ನು ಇಷ್ಟು ದಿನ ನಡುಗಿಸಿದ ಡ್ರಾಫ್ಟ್ಸ್‌ಮನ್ ಇನ್ನೊಬ್ಬನಿದ್ದರೆ ತೋರಿಸಿ.

ತಿಂಗಳ ಕೊನೆಗೆ ಎರಡು ದಿನವಿತ್ತು. ಆಫೀಸಿನಲ್ಲಿ ಕೆಲಸವಿಲ್ಲದೆ ಬೇಗ ಬಂದ ನನಗೆ ಮೆಟ್ಟಿಲು ಹತ್ತುವಾಗ ಅಕೌಂಟೆಂಟರ ಮನೆಯೊಳಗೆ ಸದ್ದು ಕೇಳಿತ್ತು. ಹೆಂಡತಿ ಬೇಗ ಅಡುಗೆ ಮುಗಿಸಿದ್ದಳು, ನಾನು ಹನ್ನೊಂದಕ್ಕೇ ಬುತ್ತಿ ಹಿಡಿದು ಹೋಗಿ ಬಾಗಿಲು ತಟ್ಟಿದೆ. ತಳ್ಳಿದರೆ ತೆರೆದುಕೊಂಡಿತು. ಅಕೌಂಟೆಂಟು ಬನಿಯನ್, ಪಂಚೆಯಲ್ಲಿ ನಿಂತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಟೈ ಕುರ್ಚಿಯ ಮೇಲೆ ಸಿದ್ಧವಾಗಿತ್ತು.

"ಏನ್ರೀ, ಇವತ್ತು ರಜೆಯಾ?"

ಅವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದರು. ಸುಳ್ಳು ಹೇಳಲು ಹೊರಟು ಬಿಟ್ಟುಬಿಟ್ಟರು. "ಖಲಾಸ್ ಆಗಿ ತಿಂಗಳಾಗ್ತಾ ಬಂತು ಸಾರ್. ಪಾಸ್‌ಪೋರ್ಟು ವೀಸಾ ಕೊಡಿಸಿದ ಕಫೀಲ್ ಹತ್ರ ಇದೆ. ಬೇರೆ ಕಡೆ ಒಂದು ಕೆಲಸ ಇದೆ ಅಂದಿದಾರೆ, ಇವನು ರಿಲೀಸ್ ಕೊಡಬೇಕು. ಇವತ್ತು ನಾಳೆ ಅಂತಾನೆ."

"ಮತ್ತೆ ಒಂದು ಗಂಟೆಗೆ ಟೈ?"

"ನೀವು ಬರ್ತೀರಲ್ಲ."

ನಾನು ಬುತ್ತಿ ಹಿಡಿದುಕೊಂಡೇ ಕೂತೆ. "ಹಾಗಾದ್ರೆ ಆ ಬೆಕ್ಕು?"

"ನಾಲ್ಕು ವರ್ಷದಿಂದ ನೋಡ್ತಿದೀನಿ ಸಾರ್, ಆ ಬೆಕ್ಕು ದಿನಾ ಮಧ್ಯಾಹ್ನ ಅಲ್ಲೇ ಮಲಗೋದು. ನೊಣ ನೋಡಿದಾಗ್ಲೂ ಗೊತ್ತಾಯ್ತು, ನಿಮ್ಮ ಡ್ರಾಯಿಂಗ್ ಪೆನ್ನಿನ ರೋಟ್ರಿಂಗ್ ಇಂಕು. ಅಕೌಂಟ್ಸಿನೋರಿಗೆ ಶಾಯಿ ಗೊತ್ತಾಗಲ್ವಾ?" ಇಸ್ತ್ರಿಯ ಸ್ವಿಚ್ಚು ಆರಿಸಿದರು. "ಊಟ ನಿಲ್ಲಿಸಬೇಕಾಗಿತ್ತು. ಕೆಲಸ ಹೋಯ್ತು ಅಂದ್ರೆ ಅಕ್ಕ ಸುಮ್ನಿರ್ತಾರಾ? ಪುಕ್ಕಟೆ ಕೊಟ್ಟೇ ಕೊಡ್ತಾರೆ. ಅವರೇ ಬಾಡಿಗೆಗೆ ಒದ್ದಾಡ್ತಿರೋವಾಗ ನಾನು ಹೆಂಗ್ ತಿನ್ನಲಿ? ನಿಮ್ಮ ಬಸಿ ದೇವರು ಕಳಿಸಿದಂಗೆ ಬಂತು. ಉಳಿದೋರೂ ಬಿಡ್ತಾರೆ ಅಂತ ಗೊತ್ತಿರಲಿಲ್ಲ, ಆಣೆಗೂ. ಅಕ್ಕಂಗೆ ಹೇಳ್ಬೇಡಿ."

ನನ್ನ ಜೀವನದ ಅತ್ಯುತ್ತಮ ಕೀಟಲೆಯೆಂದು ನಾನು ಎದೆ ಉಬ್ಬಿಸಿದ್ದು, ಒಬ್ಬ ಅಕೌಂಟೆಂಟಿನ ಕೀಟಲೆಗೆ ನಾನು ಒದಗಿಸಿದ ಕಾಗದ ಮಾತ್ರ. ಈ ಮಾತನ್ನು ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ. ಮತ್ತೊಮ್ಮೆ ಕೇಳಿದರೆ ಇಲ್ಲವೆನ್ನುತ್ತೇನೆ.

ಹೆಂಡತಿಗೆ ಹೇಳಬೇಡಿ ಎಂದಿದ್ದರು. ಮೆಟ್ಟಿಲು ಹತ್ತಿ ಬರುವಷ್ಟು ಹೊತ್ತು ಗುಟ್ಟನ್ನು ಕಾಪಾಡಿದೆ.

ಅವಳು ಪೂರ್ತಿ ಕೇಳಿದಳು. ತಿರುಗಿ ಬಂದ ಬುತ್ತಿಯನ್ನು ಬಿಚ್ಚಿ, ಅನ್ನದ ಡಬ್ಬಕ್ಕೆ ಎರಡು ಹಪ್ಪಳ ಸೇರಿಸಿ, ಮತ್ತೆ ಮುಚ್ಚಿದಳು.

"ಒಂದು ಗಂಟೆಗೆ ತಗೊಂಡು ಹೋಗಿ. ಹನ್ನೊಂದಕ್ಕೆ ಹೋದ ಸುದ್ದಿ ನಂಗೆ ಗೊತ್ತೇ ಇಲ್ಲ. ಅವ್ರು ನಂಬುವವರೆಗೆ ಇದು ಬುತ್ತಿ ಅಲ್ಲ, ಸ್ಯಾಂಪಲ್. ಸ್ಯಾಂಪಲಿಗೆ ಯಾರಾದ್ರೂ ದುಡ್ಡು ತಗೊಳ್ತಾರಾ? ನಾನು ಪಂಥಕ್ಕೆ ಬಿದ್ದಿದ್ದೇನೆ, ಇವತ್ತು ಅವ್ರು ತಿನ್ನದಿದ್ರೆ ನನಗೆ ಅವಮಾನ ಅಂತ ಹೇಳಿ. ನೀವು ಅಳುವ ಹಾಗೆ ಮಾಡಿ ಬೇಕಾದ್ರೆ."

"ಅವ್ರು ತಿಂಗಳು ಪೂರ್ತಿ ನಂಬದಿದ್ರೆ?"

"ನಂಬದಿರ್ಲಿ."

"ಐದು ಬುತ್ತಿಯಲ್ಲಿ ಬಾಡಿಗೆ ಆಗ್ತದಾ?"

ಅವಳು ಬೇಳೆ ಡಬ್ಬ ಎತ್ತಿ ಫಾರ್ಮು ತೆಗೆದು ನನ್ನ ಮುಂದೆ ಇಟ್ಟಳು. "ಕಷ್ಟವೇ. ಸಂಜೆ ಕಾಕನ ಅಂಗಡಿಗೆ ಚಕ್ಕುಲಿ ಮಾಡಿ ಕೊಡ್ತೇನೆ, ಮಾತಾಡಿ ಆಗಿದೆ. ಹೋಗುವುದಿಲ್ಲ ಅಂತ ಬರೀರಿ. ನಾನು ಹೋದ್ರೆ ಆ ಮನುಷ್ಯನಿಗೆ ಸ್ಯಾಂಪಲ್ ಯಾರು ಕೊಡುವುದು?"

ಬರೆದೆ. ಒಂದು ಗಂಟೆಗೆ ಸರಿಯಾಗಿ ಎರಡನೇ ಮಹಡಿಯ ಬಾಗಿಲು ತಟ್ಟಿದೆ. ಅಕೌಂಟೆಂಟು ಟೈ ಕಟ್ಟಿಕೊಂಡು ಬಂದರು. ನಾನು ಕಣ್ಣೊರೆಸಿಕೊಂಡು ಹೆಂಡತಿಯ ಅವಮಾನದ ಕಥೆ ಹೇಳಿದೆ. ಅಷ್ಟು ಚೆನ್ನಾಗಿ ನಾನು ಅತ್ತದ್ದೇ ಇಲ್ಲ. ಅವರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು.

"ಆಯ್ತು" ಎಂದರು. "ಆದ್ರೆ ಅರ್ಧ ಗಂಟೆ ಕಾಯ್ಬೇಕು ನೀವು."

ನಾನು ನಾಲ್ಕು ತುತ್ತು ತಿಂದು ಕುರ್ಚಿಯಲ್ಲಿ ಕೂತೆ. ಅವರು ಗಡಿಯಾರವನ್ನು ಮೇಜಿನ ಮೇಲಿಟ್ಟು, ಎದುರು ಕೂತು, ಪೂರ್ತಿ ಮೂವತ್ತು ನಿಮಿಷ ಕಾದರು. ಆಮೇಲೆ ಟೈ ಸಡಿಲಿಸಿ ಡಬ್ಬ ಹತ್ತಿರಕ್ಕೆ ಎಳೆದುಕೊಂಡರು. ಹಪ್ಪಳ ಆಗಲೇ ಮೆತ್ತಗಾಗಿತ್ತು. ಅದನ್ನೇ ಮೊದಲು ತಿಂದರು.